ಬೈಲಹೊಂಗಲದ ಹುಡುಗ, ಬಂದಿಶ್‌ಗಳ ಗುರು

ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೃಷ್ಣ ಗುಂಡೋ ಗಿಂಡೆ ಹನ್ನೊಂದರ ವಯಸ್ಸಿಗೇ ಊರು ಬಿಟ್ಟರು. ಸೇರಿದ್ದು ದೂರದ ಲಖನೌ. ಅಲ್ಲಿ ಸಂಗೀತ ವಿದ್ವಾಂಸ ಭಾತಖಂಡೆಯವರು 1926ರಲ್ಲಿ ಕಟ್ಟಿದ ಮ್ಯಾರಿಸ್ ಸಂಗೀತ ಕಾಲೇಜಿನಲ್ಲಿ ಶ್ರೀಕೃಷ್ಣ ರಾತಂಜನಕರ್ ಪ್ರಾಂಶುಪಾಲರು. ಗಿಂಡೆ ಈ ಗುರುವಿನ ಮನೆಯಲ್ಲೇ ಬೆಳೆದು, ಹಾಡುವುದನ್ನೂ ಶಾಸ್ತ್ರವನ್ನೂ ಒಟ್ಟಿಗೆ ಕಲಿತರು.

ರಾತಂಜನಕರ್ ಸ್ವತಃ ವಾಗ್ಗೇಯಕಾರರು. ಮಾರ್ಗಬಿಹಾಗ್, ಸಾಲಗವರಾಳಿಯಂಥ ರಾಗಗಳನ್ನು ರೂಪಿಸಿದವರು. ಶಿಷ್ಯ ಗಿಂಡೆಯವರೂ ಅದೇ ದಾರಿ ಹಿಡಿದರು.

ಹಿಂದುಸ್ತಾನಿ ಸಂಗೀತದಲ್ಲಿ ಬಂದಿಶ್ ಎಂದರೆ ರಾಗ, ತಾಳ, ಸಾಹಿತ್ಯ ಮೂರನ್ನೂ ಹೆಣೆದ ಪುಟ್ಟ ರಚನೆ. ಸಾಮಾನ್ಯವಾಗಿ ನಾಲ್ಕೇ ಸಾಲು, ಆದರೆ ರಾಗ ಎಲ್ಲಿ ನಿಲ್ಲಬೇಕು, ಯಾವ ಸ್ವರದಿಂದ ಏರಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಗಿಂಡೆ ಹೊಸ ಬಂದಿಶ್‌ಗಳನ್ನು ರಚಿಸಿದರು. ಹಳೆಯವಂತೂ ನೂರಾರು ಅವರ ಕಂಠದಲ್ಲಿದ್ದವು. ಧ್ರುಪದ, ಧಮಾರ್ ಎಂಬ ಗಾಯನ ಪ್ರಕಾರಗಳಲ್ಲೂ ಅಷ್ಟೇ ಹಿಡಿತ.

ಕಛೇರಿಯ ಕೀರ್ತಿಗಿಂತ ಪಾಠವೇ ಅವರಿಗೆ ಮುಖ್ಯವಾಯಿತು. ಮುಂಬೈನ ಭಾರತೀಯ ವಿದ್ಯಾಭವನದಲ್ಲಿ ಕಲಿಸಿ, 1962ರಿಂದ ಅದೇ ನಗರದ ಸಾಯನ್‌ನ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾದರು. ತೀರಿಕೊಂಡದ್ದು 1994ರಲ್ಲಿ, ಕೋಲ್ಕತ್ತದಲ್ಲಿ.

ಧಾರವಾಡದ ಗಾಯಕರನ್ನು ಕೊಂಡಾಡುವ ಕನ್ನಡಿಗರು ಬೈಲಹೊಂಗಲದ ಈ ಗುರುವಿನ ಧ್ವನಿಮುದ್ರಿಕೆಗಳನ್ನೂ ಹುಡುಕಿ ಕೇಳಬೇಕು.