ಬಾಗಿಲಿಗೆ ಬರುವ ಹುಲಿ

ಬಂಟವಾಳದ ಪೇಟೆಬೀದಿ ನೇತ್ರಾವತಿಯನ್ನು ನೆಚ್ಚಿ ಬೆಳೆದುದು. 1923ರಲ್ಲಿಯೂ 1974ರಲ್ಲಿಯೂ ಅದೇ ನದಿ ಉಕ್ಕಿ ಪೇಟೆಯೊಳಗೆ ನುಗ್ಗಿತು. ಮುಂದೆ ವ್ಯಾಪಾರವು ಹೆದ್ದಾರಿಯ ಬಿ.ಸಿ. ರೋಡಿಗೆ ಸರಿದು ಬೀದಿಯ ಗದ್ದಲ ತಗ್ಗಿತು. ಆದರೂ ನವರಾತ್ರಿಯಲ್ಲಿ ಹುಲಿವೇಷದ ತಾಸೆ ಕೇಳಿಬಂದಿತೆಂದರೆ ಆ ಇಕ್ಕಟ್ಟು ಬೀದಿಯೇ ರಂಗಸ್ಥಳ.

ನನ್ನ ಬಾಲ್ಯದ ಮಾತು. ಅಜ್ಜಿ ಹಾಸಿಗೆ ಹಿಡಿದಿದ್ದ ವರ್ಷ. ತಾಸೆಯ ಸದ್ದು ಮೂರು ಮನೆಗಳಾಚೆ ಇರುವಾಗಲೇ, "ಹುಲಿ ಬಂತು, ಬಾಗಿಲು ತೆರೆಯಿರೋ ಮಕ್ಕಳೇ" ಎಂದರು. ಹುಲಿಗಳು ಅಂಗಳದಲ್ಲಿ ಕುಣಿದುವು. ಮರಿಹುಲಿಯೊಂದು ಒಳಗೆ ಬಂದು, ಅಜ್ಜಿ ನೀಡಿದ ಎರಡು ರೂಪಾಯಿಯ ನೋಟನ್ನು ಬಾಯಿಂದ ಕಚ್ಚಿಕೊಂಡಿತು. ಎಷ್ಟೋ ತಿಂಗಳ ಬಳಿಕ ಅವರು ನಕ್ಕದ್ದು ಅಂದು.

ಬೀದಿಯ ಕಲೆಯ ಗುಟ್ಟು ಇದೇ: ಅದು ನೋಡುಗರನ್ನು ಕರೆಯಿಸಿಕೊಳ್ಳುವುದಿಲ್ಲ, ತಾನೇ ನಡೆದು ಬರುತ್ತದೆ. ಆಟಿಯ ಮಳೆಯಲ್ಲಿ ಬೆಳ್ತಂಗಡಿಯ ಹಳ್ಳಿಗಳಲ್ಲಿ ತೆಂಬರೆಯ ನಾದದೊಡನೆ ಮಾರಿ ಕಳೆಯುವ ಆಟಿಕಳೆಂಜನೂ ಅಂಗಳಕ್ಕೇ ಬರುವವನು. ಮೂಡಬಿದಿರೆಯ ಕೃಷ್ಣಾಷ್ಟಮಿಯ ಮೊಸರುಕುಡಿಕೆ ಒಡೆಯುವುದೂ ಬೀದಿಯಲ್ಲಿಯೇ.

ಈಗ ಹುಲಿವೇಷಕ್ಕೆ ಮೈದಾನದ ಸ್ಪರ್ಧೆಗಳಿವೆ, ಬಹುಮಾನಗಳಿವೆ. 2014ರ ‘ಉಳಿದವರು ಕಂಡಂತೆ’ ಚಿತ್ರದಲ್ಲಿ ಅದು ಬೆಳ್ಳಿತೆರೆಯ ಮೇಲೆಯೂ ಕುಣಿಯಿತು. ಅಕ್ಕಿಮುಡಿಯನ್ನು ಹಲ್ಲಿನಿಂದೆತ್ತಿ ಹಿಂದಕ್ಕೆಸೆಯುವ ಸಾಹಸವು ದೀಪಗಳ ಬೆಳಕಿನಲ್ಲಿ ಇಮ್ಮಡಿ ಮೆರೆಯುತ್ತದೆ. ಸಂತೋಷವೇ ಸರಿ, ಕಲಾವಿದನಿಗೂ ಹೊಟ್ಟೆಯಿದೆ. ಆದರೆ ಮೈದಾನಕ್ಕೆ ಹೋಗಲಾರದ ಅಜ್ಜಿಯಂದಿರು ಇಂದಿಗೂ ಮನೆಮನೆಗಳಲ್ಲಿ ಕಿವಿಗೊಟ್ಟು ಮಲಗಿದ್ದಾರೆ. ಅವರ ಬಾಗಿಲಿಗೆ ಹುಲಿ ಬರಬೇಡವೆ?