ಕಾಲಿನ ಬಾವು ಮತ್ತು ದುಗ್ಧರಸ ಮರ್ದನ

ಹೋಟೆಲಿನ ಉದ್ಯೋಗದಲ್ಲಿರುವವನಿಗೆ ಕೈಗಿಂತ ಮೊದಲು ದಣಿಯುವುದು ಕಾಲು. ಇಡ್ಲಿಯ ಹಬೆಯೇಳುವ ಮುನ್ನವೇ ನಿಂತವನು ರಾತ್ರಿ ಬಾಗಿಲು ಹಾಕುವವರೆಗೂ ನಿಂತೇ ಇರಬೇಕು. ಗುಮಾಸ್ತ ಬಂಧುಗಳಾದರೋ ದಿನವಿಡೀ ಕಾಲು ಇಳಿಬಿಟ್ಟು ಕುಳಿತಿರುವವರು. ದುವ್ವಾಡ, ಗಾಜುವಾಕ, ವಿಶಾಖಪಟ್ಟಣಗಳಲ್ಲಿ ನೆಲೆಸಿರುವ ನಮ್ಮವರಿಗೆ ಕಾಲಿನ ಬಾವು ಹೊಸ ಸಂಗತಿಯಲ್ಲ. ಈಚೆಗೆ ಪಟ್ಟಣಗಳಲ್ಲಿ ‘ಲಿಂಫ್ಯಾಟಿಕ್ ಮಸಾಜ್’ ಎಂಬುದು ಬಹಳ ಪ್ರಚಾರಕ್ಕೆ ಬಂದಿರುವುದರಿಂದ ಅದರ ನಿಜಸ್ವರೂಪವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸ ನಾಳಗಳೆಂಬ ಇನ್ನೊಂದು ಜಾಲವುಂಟು. ರಕ್ತದಿಂದ ಜಿನುಗಿ ಅಂಗಾಂಶಗಳಲ್ಲಿ ಉಳಿಯುವ ದ್ರವವನ್ನು ಈ ನಾಳಗಳು ಸಂಗ್ರಹಿಸಿ, ಕಂಕುಳು, ತೊಡೆಸಂದು, ಕುತ್ತಿಗೆ ಮುಂತಾದೆಡೆಗಳ ಗ್ರಂಥಿಗಳಲ್ಲಿ ಸೋಸಿ, ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಇದಕ್ಕೆ ಹೃದಯದಂತಹ ಯಂತ್ರವಿಲ್ಲ. ನಾಳಗಳ ಸ್ವಂತ ಸಂಕೋಚನ, ಮಾಂಸಖಂಡಗಳ ಚಲನೆ, ಉಸಿರಾಟ, ಇವೇ ಅದರ ಚಾಲಕಶಕ್ತಿಗಳು. ನಾಳಗಳು ಕೆಟ್ಟರೆ ದ್ರವವು ನಿಂತು ಕಾಲು ಬಾಯುತ್ತದೆ.

ಈ ರಸವನ್ನು ಕೈಯಿಂದ ಮುಂದೂಡುವ ಕ್ರಮವನ್ನು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡ್ಡರ್ ದಂಪತಿಗಳು ಫ್ರಾನ್ಸಿನಲ್ಲಿ ರೂಪಿಸಿದರು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ನಮ್ಮ ಅಭ್ಯಂಜನಕ್ಕಿಂತ ಇದು ಭಿನ್ನ. ಚರ್ಮವು ಕೊಂಚ ಸರಿಯುವಷ್ಟು ಮಾತ್ರ ಒತ್ತಡ ಸಾಕು. ಮೊದಲು ಕುತ್ತಿಗೆ, ಆ ಮೇಲೆ ತೊಡೆಸಂದು, ಅನಂತರ ತೊಡೆ, ಕಡೆಗೆ ಪಾದ. ಸವರುವುದು ಮಾತ್ರ ಯಾವಾಗಲೂ ಮೇಲ್ಮುಖವಾಗಿ. ಮೇಲಿನ ದಾರಿ ತೆರವಾಗದೆ ಕೆಳಗಿನ ನೀರು ಹರಿಯದೆಂಬುದು ಮೋರಿ ತೊಳೆದ ಯಾವನಿಗೂ ತಿಳಿದ ತತ್ತ್ವವೇ.

ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ತರುವಾಯ ಕೈ ಬಾತವರಿಗೂ, ಆನೆಕಾಲು ರೋಗಿಗಳಿಗೂ ಪಟ್ಟಿ ಕಟ್ಟುವುದು ಹಾಗೂ ವ್ಯಾಯಾಮದೊಡನೆ ಈ ಮರ್ದನವನ್ನು ವೈದ್ಯರು ಬಳಸುತ್ತಾರೆ. ಆರೋಗ್ಯವಂತನಿಗೆ ಇದರಿಂದ ಹಾಯೆನಿಸಬಹುದು. ಆದರೆ ಕೊಬ್ಬು ಕರಗುವುದೆಂದೂ ‘ವಿಷ’ ಹೊರಹೋಗುವುದೆಂದೂ ಹೇಳುವ ಮಾತಿಗೆ ಆಧಾರವಿಲ್ಲ. ಅದಕ್ಕಾಗಿ ಬೆವರಿನ ಸಂಬಳವನ್ನು ಸುರಿಯಬೇಕಾದ್ದಿಲ್ಲ.

ನಮಗೆ ಹೆಚ್ಚು ಸಂಬಂಧಿಸಿದ್ದು ಆನೆಕಾಲು. ತೆಲುಗರು ‘ಬೋದಕಾಲು’ ಎನ್ನುವ ಈ ರೋಗ ಆಂಧ್ರದ ಕರಾವಳಿಗೆ ಹಳೆಯದು. ಕೊಳೆನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದರ ಹುಳುವನ್ನು ಹರಡುತ್ತದೆ. ಹುಳು ದುಗ್ಧರಸ ನಾಳಗಳಲ್ಲಿಯೇ ವಾಸಿಸಿ ಅವನ್ನು ಕೆಡಿಸುತ್ತದೆ. ಅದರ ಮರಿಗಳು ರಕ್ತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ರಾತ್ರಿಯಲ್ಲಿ. ಆದ್ದರಿಂದಲೇ ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಬಂದು ಬೆರಳು ಚುಚ್ಚಿ ರಕ್ತ ಕೇಳುವುದು. ಅವರನ್ನು ಕಂಡು ಅಡಗಬಾರದು. 2004ರಲ್ಲಿ ಸರಕಾರವು ರೋಗಪೀಡಿತ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಮಾತ್ರೆ ಹಂಚುವ ಕಾರ್ಯವನ್ನು ಆರಂಭಿಸಿತು. ಹಂಚಿದಾಗ ಮಾತ್ರೆಯನ್ನು ನುಂಗಬೇಕು, ಜೇಬಿಗೆ ಹಾಕಬಾರದು.

ಒಮ್ಮೆ ಬಾತು ದಪ್ಪಗಾದ ಕಾಲಿಗೂ ಉಪಾಯವಿದೆಯೆಂದು ತೋರಿಸಿದವರಲ್ಲಿ ನಮ್ಮ ಕಾಸರಗೋಡಿನವರೂ ಇದ್ದಾರೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಡಾ॥ ಎಸ್. ಆರ್. ನರಹರಿಯವರು 1999ರಲ್ಲಿ ಅಲ್ಲಿ ಸ್ಥಾಪಿಸಿದ ‘ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ’ ಎಂಬ ಸಂಸ್ಥೆಯಲ್ಲಿ ಚರ್ಮವನ್ನು ಸಾಬೂನಿನಿಂದ ತೊಳೆದು, ಆಯುರ್ವೇದದ ಫಾಂಟದಲ್ಲಿ ಕಾಲು ನೆನೆಸಿ, ಯೋಗಾಸನ, ಉಸಿರಾಟ, ಮರ್ದನ ಮಾಡಿಸಿ, ಕೊನೆಗೆ ಬಿಗಿಪಟ್ಟಿ ಸುತ್ತುತ್ತಾರೆ. ರೋಗಿಯೂ ಮನೆಯವರೂ ಇದನ್ನು ಕಲಿತು ಮನೆಯಲ್ಲಿಯೇ ಮುಂದುವರಿಸುತ್ತಾರೆ. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಈ ಕ್ರಮವನ್ನು ಕಲಿಸಲಾಯಿತು.

ಖರ್ಚಿಲ್ಲದೆ ಮಾಡಬಹುದಾದುದೂ ಬಹಳವಿದೆ. ಪಾತ್ರೆ ತೊಳೆಯುವವರು ಕೆಲಸ ಮುಗಿದೊಡನೆ ಪಾದ ತೊಳೆದು ಬೆರಳ ಸಂದುಗಳನ್ನು ಒಣಗಿಸಬೇಕು. ನೆನೆದು ಬಿರಿದ ಸಂದುಗಳೇ ಸೋಂಕಿನ ಬಾಗಿಲು. ಪ್ರತಿ ಸೋಂಕೂ ಬಾವನ್ನು ಹೆಚ್ಚಿಸುತ್ತದೆ. ನಿಂತಲ್ಲಿಯೇ ಹಿಮ್ಮಡಿಯೆತ್ತಿ ಇಳಿಸಿರಿ. ಮಲಗುವಾಗ ಕಾಲನ್ನು ದಿಂಬಿನ ಮೇಲಿರಿಸಿರಿ.

ಒಂದು ಎಚ್ಚರಿಕೆ. ಸಂಜೆ ಬಾತು ಬೆಳಿಗ್ಗೆ ಇಳಿಯುವ ಕಾಲು ಹೆಚ್ಚಾಗಿ ನಿಂತ ಆಯಾಸದ್ದು. ಆದರೆ ಬಾವಿಗೆ ಹೃದಯ, ಮೂತ್ರಪಿಂಡಗಳ ದೋಷವೂ ಕಾರಣವಿರಬಹುದು. ಒಂದೇ ಮೀನಖಂಡವು ಇದ್ದಕ್ಕಿದ್ದಂತೆ ಬಾತು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರದೊಡನೆ ಕೆಂಪೇರಿ ಬಿಸಿಯಾಗಿದ್ದರೆ ಅದು ಸೋಂಕು. ಇಂತಹ ಸ್ಥಿತಿಗಳಲ್ಲಿ ಮರ್ದನವು ಅಪಾಯಕಾರಿ. ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹೋಟೆಲು ನಡೆಸಿದ ಅನುಭವದಿಂದ ಮಾಲಿಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಆನೆಕಾಲು ಮುಟ್ಟುವುದರಿಂದಾಗಲಿ ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ ಅಂಟುವ ರೋಗವಲ್ಲ. ಕಾಲು ಬಾತ ಹುಡುಗನಿಗೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸುವುದರಿಂದ ರೋಗ ಹೋಗುವುದಿಲ್ಲ. ಉಳಿದವರು ತಮ್ಮ ಕಾಲನ್ನು ಮುಚ್ಚಿಡಲು ಕಲಿಯುತ್ತಾರೆ, ಅಷ್ಟೆ. ಅವನಿಗೆ ತರಕಾರಿ ಹೆಚ್ಚುವ ಅಥವಾ ಗಲ್ಲಾದ ಕೆಲಸ ಕೊಡಿ, ಕೂರಲು ಒಂದು ಸ್ಟೂಲು ಕೊಡಿ, ವೈದ್ಯರನ್ನು ಕಾಣಲು ಅರ್ಧ ದಿನ ಬಿಡುವು ಕೊಡಿ. ಹಿತ್ತಿಲ ಮೋರಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಮನೆಮಠ ಬಿಟ್ಟು ಬಂದವನಿಗೆ ಹೋಟೆಲೇ ಮನೆ. ಅಲ್ಲಿ ಅವನು ತನ್ನ ನೋವನ್ನು ಹೇಳಿಕೊಳ್ಳುವಂತಿರಬೇಕು.