ಎರಡು ಕಡತಗಳು ಒಂದೇ ಹೌದೇ? ಮೊಬೈಲಿನಲ್ಲಿ ಅಂತರ್ವಸ್ತುವಿನ ಹೋಲಿಕೆ

ಮೊಬೈಲ್ ದೂರವಾಣಿಯು ಇಂದು ಅನೇಕ ಕುಟುಂಬಗಳ ದಾಖಲೆ ಪೆಟ್ಟಿಗೆಯೂ ಆಗಿದೆ. ಬಾಡಿಗೆಯ ಕರಾರು, ಊರಿನ ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ, ಮದುವೆಯ ಛಾಯಾಚಿತ್ರ ಇವೆಲ್ಲವೂ ಅದರಲ್ಲಿ ಕಡತಗಳ ರೂಪದಲ್ಲಿ ಸಂಗ್ರಹವಾಗಿರುತ್ತವೆ. ಒಂದೇ ಕಡತವು ಇ-ಅಂಚೆಯಲ್ಲಿ ಒಮ್ಮೆ, ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಮ್ಮೆ ಬಂದು ಸೇರುವುದೂ ಸಾಮಾನ್ಯ. ಸ್ಥಳ ಸಾಲದಾದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಿಂತಲೂ ಗಂಭೀರವಾದ ಪ್ರಶ್ನೆ ಮತ್ತೊಂದಿದೆ: ಓದಿ ಒಪ್ಪಿಕೊಂಡ ಕರಾರು ಮತ್ತು ಸಹಿಗಾಗಿ ಬಂದಿರುವ ಕರಾರು ಒಂದೇ ಹೌದೇ?

ಇದನ್ನು ನಿರ್ಧರಿಸಲು ಹೆಚ್ಚಿನವರು ನೋಡುವುದು ಕಡತದ ಹೆಸರು, ದಿನಾಂಕ ಹಾಗೂ ಗಾತ್ರವನ್ನು. ಈ ಮೂರೂ ನಂಬಲರ್ಹವಲ್ಲ. ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ದಿನಾಂಕವು ಬಹುಪಾಲು ಸಂದರ್ಭಗಳಲ್ಲಿ ಕಡತವು ಆ ಮೊಬೈಲಿಗೆ ಬಂದಿಳಿದ ದಿನವನ್ನು ಸೂಚಿಸುತ್ತದೆಯೇ ಹೊರತು ಅದು ಸಿದ್ಧವಾದ ದಿನವನ್ನಲ್ಲ. ಇನ್ನು ಗಾತ್ರ. ಮುಂಬಯಿಯಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಸಾಮಾನ್ಯವಾಗಿ ಮಾಡಿಕೊಳ್ಳುವ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಕರಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸರಳ ಪಠ್ಯ ರೂಪದ ಕರಡಿನಲ್ಲಿ ಬಾಡಿಗೆಯ ಮೊತ್ತ 18,000 ಎಂದಿದ್ದುದು 19,000 ಎಂದಾದರೆ ಕಡತದ ಗಾತ್ರ ಒಂದು ಬೈಟಿನಷ್ಟೂ ಹೆಚ್ಚುವುದಿಲ್ಲ; ವ್ಯತ್ಯಾಸವು ಬೀಳುವುದು ಬಾಡಿಗೆದಾರನ ಜೇಬಿಗೆ ಮಾತ್ರ. ಗಾತ್ರಗಳು ಬೇರೆಯಾಗಿದ್ದರೆ ಕಡತಗಳು ಬೇರೆ ಎಂಬುದು ನಿಶ್ಚಿತ; ಆದರೆ ಗಾತ್ರಗಳು ಸಮವಾಗಿದ್ದ ಮಾತ್ರಕ್ಕೆ ಕಡತಗಳು ಒಂದೇ ಎಂದಾಗುವುದಿಲ್ಲ.

ಆದುದರಿಂದ ಅಂತರ್ವಸ್ತುವನ್ನೇ, ಅಂದರೆ ಕಡತದೊಳಗೆ ನಿಜವಾಗಿ ಇರುವ ದತ್ತಾಂಶವನ್ನೇ ಹೋಲಿಸಬೇಕಾಗುತ್ತದೆ. ಪಠ್ಯವಾಗಲಿ, ಚಿತ್ರವಾಗಲಿ, ಧ್ವನಿಯಾಗಲಿ, ಪ್ರತಿಯೊಂದು ಕಡತವೂ ಬೈಟ್‌ಗಳ ಒಂದು ಉದ್ದನೆಯ ಸಾಲು. ಒಂದೊಂದು ಬೈಟ್ 0ಯಿಂದ 255ರವರೆಗಿನ ಒಂದು ಸಂಖ್ಯೆ. ಎರಡೂ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಜೋಡಿಯಾಗಿ ನೋಡುತ್ತಾ ಹೋಗುವುದು ಅತ್ಯಂತ ನೇರವಾದ ವಿಧಾನ. ಎಲ್ಲಿಯಾದರೂ ಒಂದು ಜೋಡಿ ಹೊಂದದಿದ್ದರೆ ಕಡತಗಳು ಬೇರೆ ಎಂದು ಅಲ್ಲಿಗೇ ತೀರ್ಮಾನವಾಗುತ್ತದೆ.

ಹ್ಯಾಶ್ ಮೌಲ್ಯ

ಎರಡೂ ಕಡತಗಳು ಒಂದೇ ಮೊಬೈಲಿನಲ್ಲಿ ಇದ್ದಾಗ ಮೇಲಿನ ವಿಧಾನ ಸಾಕು. ಆದರೆ ಒಂದು ಪ್ರತಿ ಧಾರವಾಡದಲ್ಲಿರುವ ತಂದೆಯ ಬಳಿಯೂ ಇನ್ನೊಂದು ದೆಹಲಿಯಲ್ಲಿರುವ ಮಗಳ ಬಳಿಯೂ ಇದ್ದರೆ? ಇಂತಹ ಸಂದರ್ಭಕ್ಕಾಗಿ ರೂಪಿತವಾದುದೇ ಹ್ಯಾಶ್ ಮೌಲ್ಯ. ನಿಗದಿತ ಗಣಿತಕ್ರಮದ ಮೂಲಕ ಇಡೀ ಕಡತವನ್ನು ಹಾಯಿಸಿ, ಅದರಿಂದ ಒಂದು ಗೊತ್ತಾದ ಉದ್ದದ ಸಂಕೇತವನ್ನು ಪಡೆಯಲಾಗುತ್ತದೆ. ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಕ್ರಮದಲ್ಲಿ ಕಡತ ಒಂದು ಪುಟದ್ದಾಗಲಿ, ಮೂರು ಗಂಟೆಯ ಚಲನಚಿತ್ರವಾಗಲಿ, ದೊರೆಯುವ ಸಂಕೇತದ ಉದ್ದ 64 ಅಕ್ಷರಗಳು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಂಕೇತ ಗುರುತೇ ಸಿಗದಂತೆ ಬದಲಾಗುತ್ತದೆ. ಹೆಸರು ಬದಲಾಯಿಸಿದರೆ ಮಾತ್ರ ಏನೂ ಆಗುವುದಿಲ್ಲ. ಹೆಸರು ಅಂತರ್ವಸ್ತುವಿಗೆ ಸೇರಿದುದಲ್ಲ.

ತಂದೆ ಮತ್ತು ಮಗಳು ತಂತಮ್ಮ ಮೊಬೈಲಿನಲ್ಲಿ ಹ್ಯಾಶ್ ಮೌಲ್ಯವನ್ನು ಪಡೆದು, ದೂರವಾಣಿಯಲ್ಲಿ ಪರಸ್ಪರ ಓದಿ ಹೇಳಿದರೆ ಸಾಕು. 64 ಅಕ್ಷರಗಳೂ ಹೊಂದಿದರೆ ಎರಡೂ ಪ್ರತಿಗಳು ಒಂದೇ. ಕಡತವನ್ನು ಕಳುಹಿಸಿದ ಅದೇ ಸಂದೇಶದಲ್ಲಿ ಹ್ಯಾಶ್ ಮೌಲ್ಯವನ್ನೂ ಕಳುಹಿಸುವುದು ಉಚಿತವಲ್ಲ. ಕಡತವನ್ನು ತಿದ್ದಬಲ್ಲವನು ಅದನ್ನೂ ತಿದ್ದಬಲ್ಲನು.

ಆಂಡ್ರಾಯ್ಡ್ ಮೊಬೈಲಿನ ಕೆಲವು ಕಡತ ನಿರ್ವಹಣಾ ತಂತ್ರಾಂಶಗಳಲ್ಲಿ, ಕಡತದ ವಿವರಗಳ ಪುಟದಲ್ಲೇ 'ಚೆಕ್‌ಸಮ್' ಎಂಬ ಹೆಸರಿನಲ್ಲಿ ಈ ಮೌಲ್ಯ ದೊರೆಯುತ್ತದೆ. ಆದೇಶಗಳನ್ನು ಟೈಪು ಮಾಡಿ ಕೆಲಸ ಮಾಡಬಲ್ಲವರಿಗೆ ಟರ್ಮಕ್ಸ್ ಎಂಬ ತಂತ್ರಾಂಶವೂ ಉಂಟು. ಪಠ್ಯಗಳಲ್ಲಿ ಯಾವ ಸಾಲು ಬದಲಾಗಿದೆ ಎಂದು ತೋರಿಸುವ 'ಡಿಫ್' ಎಂಬ ಆದೇಶವನ್ನು ಅದರಲ್ಲಿ ಬಳಸಬಹುದು. ಖಾಸಗಿ ದಾಖಲೆಗಳನ್ನು ಹೋಲಿಕೆಗೆಂದು ಅಪರಿಚಿತ ಜಾಲತಾಣಗಳಿಗೆ ಏರಿಸುವುದು ಮಾತ್ರ ಸರ್ವಥಾ ಸಲ್ಲದು. ಈ ಕೆಲಸಕ್ಕೆ ಅಂತರಜಾಲದ ಅಗತ್ಯವೇ ಇಲ್ಲ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಕಣ್ಣಿಗೆ ಒಂದೇ ಆಗಿ ಕಾಣುವ ಕಡತಗಳು ಹೋಲಿಕೆಯಲ್ಲಿ ಬೇರೆಯಾಗುವುದು ಅನೇಕರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಕನ್ನಡ ಪಠ್ಯದಲ್ಲಂತೂ ಇದಕ್ಕೆ ವಿಶೇಷ ಕಾರಣಗಳಿವೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪತ್ರವೂ ಯೂನಿಕೋಡ್‌ನಲ್ಲಿ ಬೆರಳಚ್ಚಾದ ಅದೇ ಪತ್ರವೂ ಮುದ್ರಣದಲ್ಲಿ ಸಮನಾಗಿ ಕಂಡರೂ ಬೈಟ್‌ಗಳಲ್ಲಿ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಯೂನಿಕೋಡ್‌ನೊಳಗೂ ಒಂದು ಸೂಕ್ಷ್ಮವಿದೆ. 'ಕೊಡಗು' ಎಂಬ ಪದದ 'ಕೊ' ಅಕ್ಷರವನ್ನು 'ಕ'ಕಾರ ಮತ್ತು ಒಂದೇ ಸ್ವರಚಿಹ್ನೆಯಾಗಿ ದಾಖಲಿಸಬಹುದು. 'ಎ'ಕಾರ ಮತ್ತು 'ಊ'ಕಾರದ ಎರಡು ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ದಾಖಲಿಸಬಹುದು. ಸಾಮಾನ್ಯ ಬಳಕೆಯ ಯುಟಿಎಫ್-8 ಕ್ರಮದಲ್ಲಿ ಮೊದಲನೆಯದಕ್ಕೆ 6 ಬೈಟ್, ಎರಡನೆಯದಕ್ಕೆ 9 ಬೈಟ್ ಬೇಕು. ಓದುಗನಿಗೆ ಎರಡೂ 'ಕೊ' ಎಂದೇ ಕಾಣುತ್ತವೆ.

ಛಾಯಾಚಿತ್ರಗಳಲ್ಲಿ ಈ ವ್ಯತ್ಯಾಸವು ನಷ್ಟಕ್ಕೂ ದಾರಿಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ ಛಾಯಾಚಿತ್ರವನ್ನು ಕುಗ್ಗಿಸಲಾಗುತ್ತದೆ. ಕ್ಯಾಮೆರಾ ದಾಖಲಿಸಿದ ದಿನಾಂಕ, ಸ್ಥಳ ಮುಂತಾದ ವಿವರಗಳೂ ಉಳಿಯುವುದಿಲ್ಲ. ಅದನ್ನೇ 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸಿದರೆ ಮೂಲವು ಯಥಾವತ್ತಾಗಿ ತಲುಪುತ್ತದೆ. ತಾತನ ಷಷ್ಟ್ಯಬ್ದಿಯ ಚಿತ್ರ ಎರಡು ಕಡೆ ಇದೆಯೆಂದು ಒಂದನ್ನು ಅಳಿಸಿದವರು, ಮುಂದೆ ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಲು ಹೋದಾಗ ಉಳಿದಿರುವುದು ಕುಗ್ಗಿದ ಪ್ರತಿ ಎಂದು ಅರಿಯುವುದುಂಟು. ಮರುಪ್ರತಿಗಳನ್ನು ಹುಡುಕಿಕೊಡುವ ತಂತ್ರಾಂಶಗಳಲ್ಲಿ ಕೆಲವು ಬೈಟ್‌ಗಳ ಸಮಾನತೆಯನ್ನು ನೋಡುತ್ತವೆ. ಕೆಲವು ಕೇವಲ ನೋಟದ ಹೋಲಿಕೆಯನ್ನು ಗಮನಿಸುತ್ತವೆ. ಎರಡನೆಯ ಬಗೆಯವು ತೋರಿಸಿದ ಪಟ್ಟಿಯನ್ನು ಒಂದೊಂದಾಗಿ ತೆರೆದು, ಗಾತ್ರವನ್ನು ನೋಡದೆ ಅಳಿಸಬಾರದು. ಹಾಗೆಯೇ, ಒಂದೇ ಕಾಗದವನ್ನು ಎರಡು ಬಾರಿ ಸ್ಕ್ಯಾನ್ ಮಾಡಿದರೆ ಹ್ಯಾಶ್ ಮೌಲ್ಯಗಳು ಹೊಂದುವುದಿಲ್ಲ. ಅಲ್ಲಿ ಸಾಲುಸಾಲಾಗಿ ಓದಿ ನೋಡುವುದೇ ಉಪಾಯ.

ನ್ಯಾಯಾಲಯದಲ್ಲಿ

1872ರ ಸಾಕ್ಷ್ಯ ಕಾನೂನಿನ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದ್ದು, ಅದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೆಯ ಪ್ರಕರಣದ ಮೇರೆಗೆ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗಿದೆ. ನಮೂನೆಯ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಅದರಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಎಂಬ ಕ್ರಮಗಳ ಉಲ್ಲೇಖವಿದೆ. ಇವುಗಳಲ್ಲಿ ಎಂಡಿ5ರ ದೌರ್ಬಲ್ಯ 2004ರಲ್ಲೇ ಬಯಲಾಯಿತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು, ವಿಷಯ ಬೇರೆಯಾಗಿದ್ದರೂ ಎಸ್‌ಎಚ್‌ಎ-1 ಮೌಲ್ಯ ಒಂದೇ ಆಗಿರುವ ಎರಡು ಪಿಡಿಎಫ್ ಕಡತಗಳನ್ನು ಸಿದ್ಧಪಡಿಸಿ ತೋರಿಸಿದರು. ಆಯ್ಕೆಯಿರುವಾಗ ಎಸ್‌ಎಚ್‌ಎ-256 ಕ್ರಮವನ್ನು ಅನುಸರಿಸುವುದೇ ಲೇಸು.

ಹ್ಯಾಶ್ ಮೌಲ್ಯವು ಎರಡು ಪ್ರತಿಗಳು ಒಂದೇ ಹೌದೋ ಅಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಅವುಗಳಲ್ಲಿ ಮೂಲ ಯಾವುದು, ಅದರಲ್ಲಿ ಬರೆದಿರುವುದು ಸತ್ಯವೇ ಎಂಬುದನ್ನು ಹೇಳಲಾರದು. ಬೆದರಿಕೆಯ ಧ್ವನಿಮುದ್ರಣವನ್ನಾಗಲಿ, ಹಣ ಪಾವತಿಯ ದಾಖಲೆಯನ್ನಾಗಲಿ ಸಾಕ್ಷ್ಯವಾಗಿ ಬಳಸಬೇಕಾಗಬಹುದು ಎಂದು ತೋರಿದರೆ, ಅದು ಕೈಸೇರಿದ ದಿನವೇ ಹ್ಯಾಶ್ ಮೌಲ್ಯವನ್ನು ಪಡೆದು ದಿನಾಂಕದೊಂದಿಗೆ ಬರೆದಿಡುವುದು, ಕಡತವನ್ನು ಕತ್ತರಿಸದೆ, ತಿದ್ದದೆ ಹಾಗೆಯೇ ಉಳಿಸುವುದು, ಸಾಧ್ಯವಿದ್ದಲ್ಲಿ ಆ ಮೊಬೈಲನ್ನೂ ಮಾರದೆ ಇಟ್ಟುಕೊಳ್ಳುವುದು ಅವಶ್ಯಕ.